ಮೂರು ತಿಂಗಳಿಗೊಮ್ಮೆ

ಹೆಗ್ಗನಹಳ್ಳಿ
12 ಫೆಬ್ರವರಿ 2024

ಚೈತ್ರಾ,

ಶುಕ್ರವಾರ ಬೆಳಗ್ಗೆ ರಾಜಾಜಿನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಲಗಿದ್ದವನು ನಾನು ಅಂತ ನಿನಗೂ ಗೊತ್ತಾಯ್ತು, ಮಷೀನು ನಡೆಸ್ತಿದ್ದವಳು ನೀನು ಅಂತ ನನಗೂ ಗೊತ್ತಾಯ್ತು. "ಚಿಕ್ಕಣ್ಣ ಅನ್ನೋರು ಯಾರು?" ಅಂತ ಕೂಗಿದೆ. ಅಪ್ಪ ಅನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಐದು ವರ್ಷದ ಹಿಂದೆ ನೀನು ಹೋಗಿ ಆ ಸಿದ್ದೇಶನನ್ನ ಮದುವೆಯಾದ ದಿನ, ಮಾರಮ್ಮನ ಗುಡಿ ಮುಂದೆ ಹತ್ತು ಜನರೆದುರು "ಇನ್ನು ಅವಳ ಹತ್ತಿರ ಒಂದು ಮಾತೂ ಆಡಲ್ಲ" ಅಂತ ಆಣೆ ಇಟ್ಟವನು ನಾನು. ಅದನ್ನ ಮುರಿಯೋಕಾಗಲ್ಲ. ಬರೆಯೋದಿಲ್ಲ ಅಂತ ಮಾತ್ರ ಆಣೆ ಇಟ್ಟಿರಲಿಲ್ಲ.

ಹೋದ ಆಗಸ್ಟಿನಲ್ಲಿ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದೆ. ಹೊಟ್ಟೆ ಕೊಯ್ದು ಜಠರದಿಂದ ತೆಂಗಿನಕಾಯಿ ಗಾತ್ರದ ಗೆಡ್ಡೆ ತೆಗೆದರು. ಜಿಸ್ಟ್ ಅಂತ ಅದರ ಹೆಸರು, ಒಂದು ಜಾತಿ ಕ್ಯಾನ್ಸರ್. ಅಷ್ಟರಲ್ಲಿ ಲಿವರಿನಲ್ಲೂ ಎರಡು ಕಡೆ ಕೂತಿತ್ತು. ಅದಕ್ಕೆ ದಿನಾ ಒಂದು ಮಾತ್ರೆ, ಮೂರು ತಿಂಗಳಿಗೊಮ್ಮೆ ಸ್ಕ್ಯಾನು. ಈ ಸಲದ ರಿಪೋರ್ಟಿನಲ್ಲಿ ದೊಡ್ಡದು ಮೂವತ್ತೆಂಟು ಮಿಲಿಮೀಟರ್ ಇದ್ದದ್ದು ನಲವತ್ತೆರಡು ಅಂತಿದೆ. ಪೀಣ್ಯದ ಫ್ಯಾಕ್ಟರೀಲಿ ಮೂವತ್ತು ವರ್ಷ ವರ್ನಿಯರ್ ಹಿಡಿದು ಪೀಸು ಅಳೆದವನು ನಾನು. ನಾಲ್ಕು ಮಿಲಿಮೀಟರ್ ಅಂದರೆ ಏನು ಅಂತ ನನಗೆ ಗೊತ್ತು. ಡಾಕ್ಟರಿಗೆ ಪುರುಸೊತ್ತಿರಲಿಲ್ಲ, "ಮಾತ್ರೆ ನಿಲ್ಲಿಸಬೇಡಿ, ಮೇನಲ್ಲಿ ಬನ್ನಿ" ಅಂದರು. ನೀನು ಒಳಗೆಲ್ಲ ನೋಡಿದವಳು. ಏನು ಕಂಡಿತು, ಇದ್ದದ್ದು ಇದ್ದ ಹಾಗೆ ಬರಿ.

ಕಾಗದವನ್ನ ಕೃಷ್ಣಯ್ಯನ ಹಿಟ್ಟಿನ ಗಿರಣಿ ವಿಳಾಸಕ್ಕೆ ಹಾಕು. ಮನೆಗೆ ಬೇಡ, ನಿಮ್ಮಣ್ಣ ಮಧು ಇರ್ತಾನೆ.

ಚಿಕ್ಕಣ್ಣ


ಉಲ್ಲಾಳ
20 ಫೆಬ್ರವರಿ 2024

ಅಪ್ಪನಿಗೆ,

ನಿಮ್ಮ ಹೆಸರು ಹಿಂದಿನ ದಿನವೇ ಲಿಸ್ಟಲ್ಲಿ ನೋಡಿದ್ದೆ. ಊರಲ್ಲಿ ಚಿಕ್ಕಣ್ಣ ಅನ್ನೋರು ಬೇಕಾದಷ್ಟು ಜನ ಇದಾರೆ ಅಂದ್ಕೊಂಡು ಮಲಗಿದೆ. ಬೆಳಗ್ಗೆ ಬೆಂಚಿನ ಮೇಲೆ ನೀರಿನ ಬಾಟಲ್ ಹಿಡ್ಕೊಂಡು ಕೂತಿದ್ದು ನೋಡಿದಾಗ, ನಿಮ್ಮನ್ನ ಬೇರೆಯವರಿಗೆ ಒಪ್ಪಿಸಿ ತಿಂಡಿಗೆ ಹೋಗಿಬಿಡೋಣ ಅನ್ನಿಸ್ತು. ಹೋಗಲಿಲ್ಲ.

ನಾನು ಡಾಕ್ಟರ್ ಅಲ್ಲ ಅಪ್ಪ, ಚಿತ್ರ ತೆಗೆಯೋಳು. ಆದರೂ ಎಂಟು ವರ್ಷದಿಂದ ನೋಡ್ತಾ ಇದೀನಿ. ಔಷಧಿ ಸೂಜಿಯಲ್ಲಿ ಹೋದಾಗ ಮೈಯೆಲ್ಲ ಬೆಚ್ಚಗಾಯ್ತಲ್ಲ, ಅದು ರಕ್ತ ಹರಿಯೋ ಕಡೆಯೆಲ್ಲ ಬೆಳ್ಳಗೆ ಕಾಣಿಸುತ್ತೆ. ಗೆಡ್ಡೆ ಬದುಕಿದ್ರೆ ಅದೂ ಬೆಳ್ಳಗಿರುತ್ತೆ. ನಿಮ್ಮದೆರಡೂ ಕಪ್ಪಗಾಗಿವೆ. ಮಾತ್ರೆ ಕೆಲಸ ಮಾಡ್ತಿದೆ, ಒಳಗೆ ಸತ್ತು ನೀರಾಗ್ತಿದೆ. ಈ ಕಾಯಿಲೇಲಿ ಹಾಗಾದಾಗ ಮೊದಮೊದಲು ಸ್ವಲ್ಪ ಊದಿಕೊಳ್ಳೋದೂ ಉಂಟು. ಫ್ಯಾಕ್ಟರೀಲಿ ನೀವೇ ಹೇಳ್ತಿದ್ರಿ, ಹೊರಗಿನ ಅಳತೆ ಸರಿಯಿದ್ರೂ ಎರಕದ ಒಳಗೆ ಟೊಳ್ಳಿರಬಹುದು ಅಂತ. ಇಲ್ಲಿ ಟೊಳ್ಳಾಗೋದೇ ಒಳ್ಳೇದು. ನಾಲ್ಕು ಮಿಲಿಮೀಟರಿಗೆ ಹೆದರಬೇಡಿ.

ಕಣ್ಣಿನ ಕೆಳಗೆ ಊದಿದೆ, ಅದೂ ಮಾತ್ರೆಯಿಂದಲೇ. ನೀವು ಅತ್ತು ಬಂದಿದೀರೇನೋ ಅಂದ್ಕೊಂಡೆ ಮೊದಲು.

ಚೈತ್ರ


ಹೆಗ್ಗನಹಳ್ಳಿ
18 ಮೇ 2024

ಚೈತ್ರಾ,

ಈ ಸಲ ನಲವತ್ತಕ್ಕೆ ಇಳಿದಿದೆ. ನೀನು ಹೇಳಿದ್ದು ಸರಿಯಾಯ್ತು. ಡಾಕ್ಟರು ನಕ್ಕರು, ಮಧು ದಾರಿಯಲ್ಲಿ ಗಾಡಿ ನಿಲ್ಲಿಸಿ ಕಬ್ಬಿನ ಹಾಲು ಕುಡಿಸಿದ. ನೀನಲ್ಲಿ ಕೆಲಸ ಮಾಡೋದು ಅವನಿಗೆ ಗೊತ್ತಿಲ್ಲ. ರಸ್ತೆಯಲ್ಲಿ ಗಾಡಿ ಹಿಡ್ಕೊಂಡು ನಿಂತಿರ್ತಾನೆ, ಒಳಕ್ಕೆ ಬರೋನಲ್ಲ. ಆಸ್ಪತ್ರೆ ವಾಸನೆ ಅವನಿಗೆ ಆಗಿಬರಲ್ಲ.

ನೀನು ಸೂಜಿ ಚುಚ್ಚೋಕೆ ಬಗ್ಗಿದಾಗ ಕೊರಳಲ್ಲಿದ್ದ ಕಾರ್ಡು ತಿರುಗಿತು. ಹಿಂದೆ ಒಂದು ಮಗುವಿನ ಫೋಟೋ ಇತ್ತು. ಕನ್ನಡಕ ತೆಗೆಸಿದ್ದೆಯಲ್ಲ, ಸರಿಯಾಗಿ ಕಾಣಲಿಲ್ಲ. ಹೆಣ್ಣೋ ಗಂಡೋ ತಿಳೀಲಿಲ್ಲ.

ಎರಡನೇ ಸಲ "ಉಸಿರು ಹಿಡ್ಕೊಳ್ಳಿ" ಅಂದಮೇಲೆ ಬಿಡಿ ಅನ್ನೋದಕ್ಕೆ ಬಹಳ ಹೊತ್ತು ಮಾಡಿದೆ. ಮುದುಕರಿಗೆ ಅಷ್ಟು ಹೊತ್ತು ಆಗಲ್ಲ ಕಣಮ್ಮ.

ಚಿಕ್ಕಣ್ಣ


ಉಲ್ಲಾಳ
2 ಜೂನ್ 2024

ಅಪ್ಪನಿಗೆ,

ಹೆಣ್ಣು. ಹೆಸರು ಸಿಂಚನ. ನಾಲ್ಕು ವರ್ಷ ತುಂಬಿತು. ಅಂಗನವಾಡಿಗೆ ಹೋಗಲ್ಲ ಅಂತ ದಿನಾ ಗಲಾಟೆ. ಅವಳಿಗೆ ನಿಮ್ಮ ಹಾಗೇ ಅಳತೆಯ ಹುಚ್ಚು, ದೋಸೆ ಎರಡಾದ್ರೆ ಒಂದರ ಮೇಲೊಂದಿಟ್ಟು ಯಾವುದು ದೊಡ್ಡದು ನೋಡ್ತಾಳೆ. ಸಿದ್ದೇಶ್ ನೀವು ಕಾಗದ ಬರೆದದ್ದು ಕೇಳಿ "ಮಾತ್ರೆ ಹೊಟ್ಟೆ ತುಂಬ ಊಟ ಮಾಡಿ ತಗೊಳ್ಳಕ್ಕೆ ಹೇಳು" ಅಂದ್ರು.

ಹೊತ್ತು ಮಾಡಿದ್ದು ನಿಜ. ಪರದೆ ನೋಡ್ತಾ ಮರೆತೆ. ದಿನಕ್ಕೆ ಇಪ್ಪತ್ತು ಜನರ ಒಳಗೆ ನೋಡ್ತೀನಿ, ಏನೂ ಅನ್ನಿಸಲ್ಲ. ನಿಮ್ಮದು ನೋಡುವಾಗ ಹಾಗಾಗಲ್ಲ.

ಅಪ್ಪ, ಒಂದು ಕೇಳ್ತೀನಿ. ಅಮ್ಮ ಹೋದ ಸುದ್ದಿ ನನಗೆ ಮೂರನೇ ದಿನಕ್ಕೆ ಗೊತ್ತಾಗಿದ್ದು, ಅದೂ ಸುಂಕದಕಟ್ಟೆ ಬಸ್ ಸ್ಟಾಪಲ್ಲಿ ಯಾರೋ ಹೇಳಿ. ಅಣ್ಣನಿಗೆ ಅಷ್ಟು ಕೋಪ ಯಾಕೆ ಬಂತು? ಹೇಳಿ ಕಳಿಸಿದ್ರೆ ನಾನು ಹೊರಗೆ ನಿಂತು ಮುಖ ನೋಡ್ಕೊಂಡು ಹೋಗ್ತಿದ್ದೆ. ಅಮ್ಮ ನನ್ನ ಕೇಳಿದಳಾ?

ಚೈತ್ರ


ಹೆಗ್ಗನಹಳ್ಳಿ
30 ಆಗಸ್ಟ್ 2024

ಚೈತ್ರಾ,

ಮೂವತ್ತೇಳು. ಡಾಕ್ಟರು ಹೀಗೇ ಇದ್ರೆ ಐದು ವರ್ಷವೂ ಇರಬಹುದು ಅಂದರು. ಹತ್ತು ವರ್ಷ ಇದ್ದೋರೂ ಇದಾರಂತೆ.

ಮಳೆ ಹಿಡಿದಿದೆ. ಕಾಲಿನಲ್ಲಿ ಸೆಳೆತ ಬರುತ್ತೆ. ಮಗುವಿಗೆ ಅಂತ ಈ ಕವರಿನಲ್ಲೇ ಒಂದು ಸ್ಕೇಲು ಇಟ್ಟಿದೀನಿ, ನನ್ನ ಹಳೇ ಆರಿಂಚಿನ ಸ್ಟೀಲಿಂದು. ಅಂಚು ಚೂಪಿದೆ, ನೋಡ್ಕೋ.

ನೀನು ಕೇಳಿದ್ದಕ್ಕೆ ಇನ್ನೊಂದು ಸಲ ಬರೀತೀನಿ.

ನಿಮ್ಮಪ್ಪ


ಉಲ್ಲಾಳ
29 ನವೆಂಬರ್ 2024

ಅಪ್ಪನಿಗೆ,

ರಿಪೋರ್ಟ್ ನೋಡಿರ್ತೀರ. ಅಳತೆ ಹೋದ ಸಲದಷ್ಟೇ ಇದೆ. ಎಲ್ಲಾ ಚೆನ್ನಾಗಿದೆ. ಮಾತ್ರೆ ಮುಂದುವರಿಸಿ.

ಸಿಂಚನ ಸ್ಕೇಲನ್ನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳೆ. ಕೆಲಸ ಜಾಸ್ತಿ, ಹೆಚ್ಚು ಬರೆಯಕ್ಕಾಗ್ತಿಲ್ಲ.

ಚೈತ್ರ


ಹೆಗ್ಗನಹಳ್ಳಿ
3 ಮಾರ್ಚ್ 2025

ಚೈತ್ರಾ,

ಈ ಸಲ ಸ್ಕ್ಯಾನಿನ ದಿನ ನೀನು ನನ್ನ ಮುಖ ನೋಡಲಿಲ್ಲ. ಆಗಲೇ ಅನುಮಾನ ಬಂತು.

ಮಾತ್ರೆ ಎರಡರಷ್ಟು ಮಾಡಿದಾರೆ. ದೊಡ್ಡ ಗೆಡ್ಡೆಯ ಒಳಗೇ ಇನ್ನೊಂದು ಗಂಟು ಎದ್ದಿದೆಯಂತೆ, ಅಡಿಕೆಯಷ್ಟು. ಮಾತ್ರೆಗೆ ಬಗ್ಗದ ಜಾತಿ ಅಂತೆ ಅದು. ಡಾಕ್ಟರು ಹಳೇ ಸೀಡಿ ಹಾಕಿಸಿ ನೋಡಿದರು. ಒಂದು ಕಡೆ ನಿಲ್ಲಿಸಿ ಬಗ್ಗಿ ನೋಡಿದರು. "ಏನ್ ಸಾರ್?" ಅಂದೆ. "ನವೆಂಬರಿನಲ್ಲೇ ಸಣ್ಣದಾಗಿ ಇತ್ತು ಚಿಕ್ಕಣ್ಣ, ಮೆಣಸಿನ ಕಾಳಿನಷ್ಟು. ರಿಪೋರ್ಟಲ್ಲಿ ಬಂದಿಲ್ಲ" ಅಂದರು.

ಹೊರಗಿನ ಅಳತೆ ಸರಿಯಿತ್ತು, ಪೀಸು ಪಾಸಾಯ್ತು. ಇಂಥದ್ದು ನನ್ನ ಕೈಯಲ್ಲೂ ಆಗಿದೆ. ಅದಕ್ಕೆ ನನಗೆ ಸಿಟ್ಟಿಲ್ಲ.

ಆದರೆ ನಿನ್ನನ್ನ ಒಂದು ಕೇಳ್ತೀನಿ. ನವೆಂಬರಿನಲ್ಲಿ ನಿನಗೆ ಅದು ಕಾಣಿಸಿತ್ತಾ?

ನಿಮ್ಮಪ್ಪ


ಉಲ್ಲಾಳ
11 ಮಾರ್ಚ್ 2025

ಅಪ್ಪ,

ಕಾಣಿಸಿತ್ತು.

ಕಪ್ಪಗಿದ್ದ ಗೆಡ್ಡೆಯೊಳಗೆ ಒಂದು ಬಿಳೀ ಚುಕ್ಕೆ. ಪರದೆ ಮೇಲೆ ಬಂದ ತಕ್ಷಣ ಕಂಡಿತು. ನೀವಿನ್ನೂ ಟೇಬಲ್ ಮೇಲಿದ್ರಿ. ರಿಪೋರ್ಟ್ ಬರೆಯೋ ಡಾಕ್ಟರ ಹತ್ತಿರ ಹೋಗಿ "ಸಾರ್, ಇಲ್ಲೊಂದು ನೋಡಿ" ಅಂದೆ. ಅವರ ಮುಂದೆ ಇನ್ನೂ ಮೂವತ್ತು ಕೇಸಿತ್ತು. "ಸೈಜ್ ಎಷ್ಟಮ್ಮ? ಮೂವತ್ತೇಳೇ ಅಲ್ವಾ? ರಕ್ತನಾಳ ಇರ್ಬೇಕು ಬಿಡು" ಅಂದ್ರು. "ಇಲ್ಲ ಸಾರ್, ಇನ್ನೊಂದ್ಸಲ ನೋಡಿ" ಅನ್ನಬೇಕಿತ್ತು. "ಇವರು ನಮ್ಮಪ್ಪ ಸಾರ್" ಅನ್ನಬೇಕಿತ್ತು. ಅಲ್ಲಿ ಯಾರಿಗೂ ಗೊತ್ತಿಲ್ಲ ಅದು. ಹೇಳಿದ್ರೆ ನಿಮ್ಮ ಸ್ಕ್ಯಾನು ಬೇರೆಯವರಿಗೆ ಕೊಡ್ತಾರೆ, ಆಮೇಲೆ ಮೂರು ತಿಂಗಳಿಗೊಂದ್ಸಲ ನೋಡೋದೂ ತಪ್ಪಿಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ. ರಕ್ತನಾಳವೇ ಇರಬಹುದು ಅಂತ ನಾನೂ ನಂಬಕ್ಕೆ ನೋಡಿದೆ.

ಆಮೇಲೆ ನಿಮಗೆ ಎಲ್ಲಾ ಚೆನ್ನಾಗಿದೆ ಅಂತ ಬರೆದೆ. ಇದ್ದದ್ದು ಇದ್ದ ಹಾಗೆ ಬರಿ ಅಂತ ನೀವು ಕೇಳಿದ್ದು ಅದೊಂದೇ. ಮೂರು ತಿಂಗಳು ಹೋಯ್ತು. ಮೊದಲೇ ಗೊತ್ತಾಗಿದ್ರೆ ಎಷ್ಟು ವ್ಯತ್ಯಾಸ ಆಗ್ತಿತ್ತೋ ಗೊತ್ತಿಲ್ಲ, ಆಗ್ತಾನೇ ಇರಲಿಲ್ಲವೋ ಏನೋ. ಯಾರಿಗೂ ಗೊತ್ತಿಲ್ಲ ಅನ್ನೋದೇ ತಿನ್ನುತ್ತೆ.

ನೀವು ಬೈದು ಬರೆದ್ರೂ ಸರಿ, ಬರೀರಿ.

ಚೈತ್ರ


ಹೆಗ್ಗನಹಳ್ಳಿ
6 ಏಪ್ರಿಲ್ 2025

ಚೈತ್ರಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೇದು. ಯುಗಾದಿ ಕಳೆದು ವಾರ ಆಯ್ತು.

ನಿನ್ನನ್ನ ಬೈಯೋ ಯೋಗ್ಯತೆ ನನಗಿಲ್ಲ. ನೀನು ಹೋದ ವರ್ಷ ಜೂನಿನಲ್ಲಿ ಕೇಳಿದ್ದಕ್ಕೆ ಇವತ್ತು ಉತ್ತರ ಬರೀತೀನಿ. ಬರೆಯದೆ ಹೋದರೆ ನಾಳೆ ನಿನಗೆ ಯಾರೂ ಹೇಳೋರಿಲ್ಲ.

ನಿಮ್ಮಮ್ಮ ಬೋರಮ್ಮ ಹಾಸಿಗೆ ಹಿಡಿದು ಹನ್ನೊಂದು ದಿನ ಇದ್ದಳು. ಮೊದಲನೇ ದಿನವೇ ನಿನ್ನ ಕೇಳಿದಳು. ಎರಡನೇ ದಿನ ಮಧು ನನ್ನ ಹತ್ತಿರ ಬಂದು "ಅಪ್ಪ, ಚೈತ್ರಾಗೆ ಫೋನ್ ಮಾಡ್ತೀನಿ" ಅಂದ. ಅವನಿಗೆ ನಿನ್ನ ಮೇಲೆ ಕೋಪ ಇತ್ತು, ಆದರೂ ಫೋನು ಕೈಯಲ್ಲಿ ಹಿಡಿದಿದ್ದ. ನಾನು "ಅವಳು ಈ ಹೊಸಲು ತುಳಿದರೆ ನಾನು ಈ ಮನೇಲಿರಲ್ಲ" ಅಂದೆ. ಫೋನು ಜೇಬಿಗೆ ಹಾಕ್ಕೊಂಡ. ಬೋರಮ್ಮ ದಿನಾ ಕೇಳಿದಳು. "ಬರ್ತಾಳೆ, ಬರ್ತಾಳೆ" ಅಂತ ನಾನೇ ಹೇಳ್ತಿದ್ದೆ. ಹನ್ನೊಂದನೇ ದಿನ ಕೇಳಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದಳು.

ನೀನು ಇಷ್ಟು ದಿನ ಅಣ್ಣನನ್ನ ಬೈದ್ಕೊಂಡಿದೀಯ. ಅವನೂ ನನ್ನ ಮೇಲೆ ಹಾಕಿ ತಪ್ಪಿಸಿಕೊಳ್ಳಲಿಲ್ಲ. ಮಾಡಿದ್ದು ನಾನು.

ನಿನ್ನದು ಮೂರು ತಿಂಗಳು ಕಣಮ್ಮ. ನೀನು ಹೆದರಿ ಸುಮ್ಮನಿದ್ದೆ. ನಾನು ಹೆದರಿ ಮಾಡಿದ್ದಲ್ಲ.

ಅಪ್ಪ


ಹೆಗ್ಗನಹಳ್ಳಿ
22 ಜೂನ್ 2025

ಚೈತ್ರಾ,

ನೀನು ಉತ್ತರ ಬರೆಯಲ್ಲ ಅಂತ ಗೊತ್ತಿತ್ತು. ಸ್ಕ್ಯಾನಿನ ದಿನ ನೀನೂ ಇರಲಿಲ್ಲ. ಬೇರೆ ಹುಡುಗಿ ಇದ್ದಳು, ಒಳ್ಳೆಯವಳು, ತಾತ ತಾತ ಅಂತ ಮಾತಾಡಿಸಿದಳು. "ಚೈತ್ರ ಮೇಡಂ ರಜಾನಾ?" ಅಂತ ಕೇಳಿದೆ. "ಇಲ್ಲ ತಾತ, ಇವತ್ತು ಎಕ್ಸ್-ರೇ ಕಡೆ ಹಾಕಿಸ್ಕೊಂಡಿದಾರೆ" ಅಂದಳು. ಬಾಗಿಲಿನಾಚೆ ಎರಡು ಕೋಣೆ ದಾಟಿದರೆ ನೀನಿದ್ದೆ. ನಾನು ಬಟ್ಟೆ ಹಾಕ್ಕೊಂಡು ಬಂದುಬಿಟ್ಟೆ.

ಎರಡು ಪಟ್ಟು ಮಾಡಿದ್ದೂ ಕೆಲಸ ಮಾಡ್ತಿಲ್ಲ. ಈಗ ಬೇರೆ ಮಾತ್ರೆ ಕೊಟ್ಟಿದಾರೆ, ನಾಲ್ಕು ವಾರ ತಗೊಂಡು ಎರಡು ವಾರ ಬಿಡೋದು. ಅಂಗೈ ಅಂಗಾಲಿನ ಚರ್ಮ ಸುಲೀತಿದೆ. ಪೆನ್ನು ಹಿಡಿಯೋಕೆ ಕಷ್ಟ, ಅದಕ್ಕೇ ಅಕ್ಷರ ಹೀಗಿದೆ.

ಅಪ್ಪ


ಹೆಗ್ಗನಹಳ್ಳಿ
12 ಸೆಪ್ಟೆಂಬರ್ 2025

ಚೈತ್ರಾ,

ಇದನ್ನ ನಾನು ಹೇಳ್ತೀನಿ, ಕೃಷ್ಣಯ್ಯ ಬರೀತಾನೆ. ನನ್ನ ಕೈ ಆಗ್ತಿಲ್ಲ.

ಸೋಮವಾರ ಡಾಕ್ಟರ ಹತ್ತಿರ ಹೋಗಿದ್ವಿ, ಈ ಸಲ ಮಧುನೂ ಒಳಕ್ಕೆ ಬಂದ. ಮುಂದಿನ ಸ್ಕ್ಯಾನು ಯಾವಾಗ ಅಂತ ಮಧು ಕೇಳಿದ. ಅವರು ಚೀಟಿ ಬರೀಲಿಲ್ಲ. "ಇನ್ನು ಸ್ಕ್ಯಾನ್ ಬೇಡ. ನೋವಿಗೆ ಕೊಡ್ತೀನಿ, ಮನೇಲಿ ನೋಡ್ಕೊಳ್ಳಿ" ಅಂದರು. ಮಧು ಅಲ್ಲೇ ಅತ್ತ. ನನಗೆ ಸಾಯೋದು ಹೊಸ ಸುದ್ದಿಯಲ್ಲ. ರಾಜಾಜಿನಗರಕ್ಕೆ ಇನ್ನು ಹೋಗೋದಿಲ್ಲವಲ್ಲ ಅನ್ನೋದೇ ದಾರಿಯುದ್ದಕ್ಕೂ ತಲೇಲಿತ್ತು.

ಮನೆಗೆ ಬಂದು ಮಧುಗೆ "ನಿನ್ನ ತಂಗೀನ ಕರೆಸು" ಅಂದೆ. ಅವನು ಏನಂದ ಗೊತ್ತಾ? "ಅಮ್ಮ ಕೇಳಿದಾಗ ಕರೆಸ್ಲಿಲ್ಲ. ನಿಮಗೆ ಮಾತ್ರ ಯಾಕೆ ಕರೆಸ್ಬೇಕು?" ಅಂದ.

ನಾನು ಬಾ ಅನ್ನಲ್ಲ. ಬರಬೇಡ ಅಂತಲೂ ಅನ್ನಲ್ಲ.

ಅಪ್ಪ

(ಚೈತ್ರಾ, ನಾನು ಕೃಷ್ಣಯ್ಯ. ಲಿವರು ಕೆಟ್ಟು ಮಾತು ಆಗಾಗ ತಪ್ತಾ ಇದೆ. ಬರೋದಾದರೆ ಬೇಗ ಬಾಮ್ಮ.)


ಉಲ್ಲಾಳ
16 ಸೆಪ್ಟೆಂಬರ್ 2025

ಅಪ್ಪ,

ಭಾನುವಾರ ಬರ್ತೀನಿ. ಅವತ್ತು ಮಹಾಲಯ ಅಮಾವಾಸ್ಯೆ, ಮನೇಲಿ ಅಮ್ಮನಿಗೆ ಎಡೆ ಇಡ್ತೀರ ಅಂತ ಗೊತ್ತು. ನೆಂಟರ ಮುಂದೆ ಅಣ್ಣ ನನ್ನ ಗೇಟಿನಿಂದ ಅಟ್ಟಲಾರ ಅಂತ ಬೇಕಂತಲೇ ಆ ದಿನ ನೋಡ್ಕೊಂಡಿದೀನಿ.

ಕ್ಷಮಿಸಿದೀನಿ ಅಂತ ಈ ಕಾಗದದಲ್ಲಿ ಬರೆಯೋಣ ಅಂತ ಕೂತೆ. ಕೈ ಬರ್ತಿಲ್ಲ ಅಪ್ಪ. ಅಮ್ಮ ಗೋಡೆ ಕಡೆ ತಿರುಗಿದ್ದು ಕಣ್ಣಿಗೆ ಬರುತ್ತೆ. ಆದರೆ ನಿಮ್ಮನ್ನ ನೋಡದೆ ಇರಕ್ಕೂ ಆಗಲ್ಲ. ಎದುರಿಗೆ ಬಂದಾಗ ಏನು ಬಾಯಿಗೆ ಬರುತ್ತೋ ಅದನ್ನ ಹೇಳ್ತೀನಿ.

ಚೈತ್ರ


ಹೆಗ್ಗನಹಳ್ಳಿ
14 ಅಕ್ಟೋಬರ್ 2025

ಚೈತ್ರ,

ಅಪ್ಪನ ಬೀರುವಿನಲ್ಲಿ ಪಂಚೆಗಳ ಅಡಿ ನಿನ್ನ ಕಾಗದಗಳು ಸಿಕ್ಕವು. ಎಲ್ಲಾ ಓದಿದೆ. ಸೆಪ್ಟೆಂಬರ್ ಹದಿನಾರನೇ ತಾರೀಖಿನದು ಮಾತ್ರ ದಿಂಬಿನಡಿ ಇತ್ತು, ಒಡೆದಿರಲಿಲ್ಲ. ಕೃಷ್ಣಯ್ಯ ತಂದುಕೊಟ್ಟಾಗ ಅಪ್ಪನಿಗೆ ಗ್ಯಾನ ಇರಲಿಲ್ಲವಂತೆ, ದಿಂಬಿನ ಹತ್ತಿರ ಇಟ್ಟು ಹೋಗಿದ್ದರಂತೆ. ಅದನ್ನ ನಾನೇ ಒಡೆದೆ. ಒಡೀಬಾರದಿತ್ತು.

ನಿನ್ನ ನಂಬರ್ ಬ್ಲಾಕ್ ಮಾಡಿದ್ದೆ. ತೆಗೆದು ಫೋನ್ ಮಾಡೋಣ ಅಂದ್ರೆ ಧೈರ್ಯ ಬರ್ತಿಲ್ಲ. ಅದಕ್ಕೆ ನಾನೂ ಕಾಗದ ಬರೀತಿದೀನಿ. ಮಣ್ಣಿನ ದಿನ ನೀನೂ ನಿನ್ನ ಗಂಡನೂ ರಸ್ತೆಯಾಚೆ ನಿಂತಿದ್ದು ನೋಡಿದೆ. ಕರೀಲಿಲ್ಲ. ಕರೀಬೇಕು ಅನ್ನಿಸಿದಾಗ ನೀವು ಇರಲಿಲ್ಲ.

ಅಮಾವಾಸ್ಯೆ ದಿನ ನಿನ್ನ ಒಳಗೆ ಬಿಟ್ಟು ಹತ್ತು ನಿಮಿಷ ಅಂತ ಹೇಳಿ ನಾನು ಬಾಗಿಲ ಹೊರಗೆ ನಿಂತಿದ್ದೆ. ಅಪ್ಪ ಮಾತಾಡಿದ ದನಿ ಕೇಳಿಸ್ತು, ಮಾತು ತಿಳೀಲಿಲ್ಲ. ಅದಾದಮೇಲೆ ಆರು ದಿನ ಇದ್ದರು. ಯಾರ ಹತ್ತಿರವೂ ಒಂದು ಮಾತೂ ಆಡಲಿಲ್ಲ. ನೀನು ಹೊರಗೆ ಬಂದವಳು ಚಪ್ಪಲಿ ಮೆಟ್ಟಿ ಸೀದಾ ಹೋದೆ.

ಅಪ್ಪ ನಿನಗೆ ಏನಂದ್ರು? ಅಮ್ಮನ ವಿಷಯ ಏನಾದ್ರೂ ಅಂದ್ರಾ? ನನ್ನ ವಿಷಯ? ನನಗೆ ತಿಳೀಬೇಕು.

ಮಧುಕುಮಾರ್


ಉಲ್ಲಾಳ
18 ಅಕ್ಟೋಬರ್ 2025

ಅಣ್ಣ,

ನಿನ್ನ ವಿಷಯ ಏನೂ ಅನ್ನಲಿಲ್ಲ. ನನ್ನ ಹತ್ತಿರವೂ ಅವರು ಮಾತಾಡಲಿಲ್ಲ. ಇದ್ದದ್ದು ಇದ್ದ ಹಾಗೇ ಬರೀತೀನಿ, ಇನ್ನು ಸುಳ್ಳು ಬೇಡ.

ನಾನು ಹೋದಾಗ ಕಣ್ಣು ಮುಚ್ಚಿದ್ರು. ಮೈಯೆಲ್ಲ ಅರಿಶಿನದ ಹಾಗೆ ಹಳದಿ. ಹೊಟ್ಟೆ ಮೇಲೆ ಕೈಯಿಟ್ಟೆ. ಅದರೊಳಗಿನದ್ದೆಲ್ಲ ನಾನು ಎಷ್ಟು ಸಲ ನೋಡಿದ್ದೆ, ಮುಟ್ಟಿದ್ದು ಅವತ್ತೇ. ಕಲ್ಲಿನಷ್ಟು ಗಟ್ಟಿಯಿತ್ತು. "ಅಪ್ಪ" ಅಂದೆ. ಹಾಸಿಗೆ ಪಕ್ಕ ಕೂತೆ. ಹೊರಗೆ ನೆಂಟರು ಎಡೆಗೆ ಎಲೆ ಹಾಕ್ತಿದ್ರು, ಸಾರಿನ ವಾಸನೆ ಬರ್ತಿತ್ತು.

ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ನನ್ನನ್ನೇ ನೋಡಿದ್ರು. "ಬೋರಮ್ಮ" ಅಂದ್ರು.

ನಾನು ಚೈತ್ರ ಅಂತ ಹೇಳಬಹುದಿತ್ತು. ಹೇಳಲಿಲ್ಲ.

"ಆ ಹುಡುಗೀಗೆ ಹೇಳ್ ಕಳ್ಸೇ, ಬರ್ಲಿ" ಅಂದ್ರು.

"ಹೇಳ್ ಕಳ್ಸಿದೀನಿ. ಹೊರಟಿದಾಳೆ" ಅಂದೆ.

"ಬಸ್ಸು ಸಿಕ್ತೋ ಇಲ್ವೋ."

"ಸಿಕ್ಕಿದೆ. ಇನ್ನೇನ್ ಬಂದ್‌ಬಿಡ್ತಾಳೆ."

"ಬಂದಾಗ ಎಬ್ಬಿಸು. ನಾನ್ ಅವಳ್ ಹತ್ರ ಮಾತಾಡ್ಬೇಕು" ಅಂದ್ರು. ಕಣ್ಣು ಮುಚ್ಚಿದ್ರು.

ನೀನು ಹೇಳಿದ ಹತ್ತು ನಿಮಿಷದಲ್ಲಿ ಇನ್ನೂ ನಾಲ್ಕೋ ಐದೋ ನಿಮಿಷ ಇತ್ತು ಅಣ್ಣ. ನಾನು ಎಬ್ಬಿಸಲಿಲ್ಲ.

ಚೈತ್ರ